ಹಾಳೆಯ ಹಿಂಬದಿ

ಇಸ್ತ್ರಿಗೆ ಮೊದಲು ನೀರು ಚಿಮುಕಿಸಿದ ಹತ್ತಿಬಟ್ಟೆಯ ವಾಸನೆ... ಅವಳ ಬಾಲ್ಯಕ್ಕೆ ಒಂದು ವಾಸನೆ ಇದ್ದರೆ ಅದು ಅದೇ. ಅಮ್ಮ ಕಿಟಕಿಯ ಬಳಿ ನಿಂತು ಇಸ್ತ್ರಿ ಮಾಡುತ್ತಿದ್ದಳು. ಕಿಟಕಿಯಾಚೆ ಒಂದು ಗುಡ್ಡ. ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ.

ಜಲವರ್ಣ ತರಗತಿಯ ಮೊದಲ ದಿನ, ಹತ್ತಿಯಿಂದ ಮಾಡಿದ ದಪ್ಪ ಹಾಳೆಗೆ ನೀರು ಬಳಿದಾಗ ಅದೇ ವಾಸನೆ ಎದ್ದಿತು. ಅವಳು ಮೈಮರೆತು ಹಾಳೆಗೆ ಮೂಗು ತಾಗಿಸಿದಳು.

"ಅದು ತಿನ್ನೋದಲ್ಲ ರೀ, ಬಣ್ಣ ಹಚ್ಚೋದು!"

ಬೆಚ್ಚಿ ತಿರುಗಿದಳು. ಅವಳ ಮೊಣಕೈ ತಗುಲಿ, ಹಿಂದೆ ನಿಂತಿದ್ದವನ ಕೈಯಲ್ಲಿದ್ದ ಲೋಟದ ನೀರೆಲ್ಲ ಅವನ ಅಂಗಿಯ ಮೇಲೇ ಚೆಲ್ಲಿತು.

"ಬಾಯಿ ಸ್ವಲ್ಪ ಮುಚ್ಚಿಕೊಂಡಿದ್ರೆ ಅಂಗಿ ಒಣಗಿರ್ತಿತ್ತು," ಎಂದಳು.

"ನಾನು ಹಲ್ಲಿನ ಡಾಕ್ಟ್ರು ರೀ. ಬಾಯಿ ತೆರೆಸೋದು ಮಾತ್ರ ಕಲಿತಿರೋದು!"

ನಗಬಾರದೆಂದುಕೊಂಡರೂ ನಗು ಬಂದೇಬಿಟ್ಟಿತು.

ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಊಟ ಸೇರದು. ತರಗತಿಯವರು ಅವಳಿಗೆ 'ಸ್ಕೇಲು' ಎಂದೇ ಹೆಸರಿಟ್ಟರು. ಕಲಿಯಲು ಬಂದದ್ದು ಒಂದೇ ಆಸೆಯಿಂದ: ಅಮ್ಮನ ಕಿಟಕಿಯ ಆ ಗುಡ್ಡವನ್ನು ಬಿಡಿಸಬೇಕು.

"ಎಲೆ ಎಲೆಯನ್ನೂ ಬರೀಬೇಡಮ್ಮಾ," ಎನ್ನುತ್ತಿದ್ದರು ವಯಸ್ಸಾದ ಟೀಚರ್. "ಇದು ಫೋಟೋ ಅಲ್ಲ. ಹಾಗಂತ ಗುಡ್ಡ ಗುರುತೇ ಸಿಗದ ಹಾಗೂ ಆಗಬಾರದು. ಕಣ್ಣು ಅರ್ಧ ಮುಚ್ಚಿ ನೋಡು. ಆಗಲೂ ಏನು ಉಳಿಯುತ್ತೋ ಅಷ್ಟೇ ಬರಿ."

ಅವಳ ಕೈ ಮಾತ್ರ ಕೇಳುತ್ತಿರಲಿಲ್ಲ. ಮತ್ತೆ ಮರ, ಮತ್ತೆ ಎಲೆ!

ಡಾಕ್ಟರು ಪಕ್ಕದಲ್ಲೇ ಕೂರುತ್ತಿದ್ದರು. ಅವಳ ಕುಂಚದ ನೀರು ಕೊಳೆಯಾದರೆ ಸದ್ದಿಲ್ಲದೆ ಎತ್ತಿಕೊಂಡು ಹೋಗಿ ಹೊಸ ನೀರು ತಂದಿಡುತ್ತಿದ್ದರು. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಆದರೆ ತರಗತಿಯ ದಿನ ಒಳ್ಳೆಯ ಸೀರೆ ಉಡತೊಡಗಿದಳು...

ಒಂದು ಸಂಜೆ, ಕಚೇರಿಯಲ್ಲಿ ದುಡಿದು ಸುಸ್ತಾಗಿ ಬಂದವಳಿಗೆ ಪೆನ್ಸಿಲ್ ಹಿಡಿಯುವ ಶಕ್ತಿಯೂ ಇರಲಿಲ್ಲ. ಒದ್ದೆ ಹಾಳೆಯ ಮೇಲೆ ಬಣ್ಣವನ್ನು ಹರಿಯಲು ಬಿಟ್ಟಳು. ಬೂದು, ಮಂಕಾದ ಹಸಿರು, ನಡುವೆ ಬಣ್ಣ ತಾಗದ ಬಿಳಿ ಪಟ್ಟಿ. ಗೆರೆಯೇ ಇಲ್ಲ! ಒಣಗಿದ ಮೇಲೆ ನೋಡಿ, ಕೆಟ್ಟಿತು ಎಂದು ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ ಹೊರಟುಹೋದಳು.

ಆ ಪೆಟ್ಟಿಗೆಗೊಂದು ನಿಯಮವಿತ್ತು. ಹಾಳೆ ದುಬಾರಿ, ಕೆಟ್ಟ ಚಿತ್ರವನ್ನು ಅದಕ್ಕೆ ಹಾಕಿದರೆ ಯಾರು ಬೇಕಾದರೂ ಅದನ್ನೆತ್ತಿಕೊಂಡು ಹಿಂಬದಿಯಲ್ಲಿ ಬರೆಯಬಹುದು. ಬರೆದರೆ ಹಾಳೆ ಅವರದ್ದೇ.

ಮನೆಯಲ್ಲಿ ಕೈ ತೊಳೆಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಅದೇ ಗುಡ್ಡ! ಇಸ್ತ್ರಿಯ ಹಬೆಯಾಚೆ ಕಾಣುತ್ತಿದ್ದದ್ದು ಹಾಗೇ ಅಲ್ಲವೇ?

ಮುಂದಿನ ತರಗತಿಗೆ ಓಡೋಡಿ ಬಂದಳು. ಪೆಟ್ಟಿಗೆಯಲ್ಲಿ ಚಿತ್ರವಿಲ್ಲ. ಟೀಚರ್ ಡಾಕ್ಟರ ಚಿತ್ರವೊಂದನ್ನು ಎತ್ತಿ ಹಿಡಿದು ಹೊಗಳುತ್ತಿದ್ದರು: "ನಮ್ಮ ತರಗತಿಯ ಪ್ರದರ್ಶನಕ್ಕೆ ಇದು ಇರಲಿ!" ಅದರ ಹಿಂಬದಿಯಲ್ಲಿ... ಅವಳ ಗುಡ್ಡ.

ಇನ್ನು ಅದನ್ನು ರಟ್ಟಿಗೆ ಅಂಟಿಸಿ ಚೌಕಟ್ಟು ಹಾಕುತ್ತಾರೆ. ಗುಡ್ಡ ಅಲ್ಲಿಗೆ ಮುಚ್ಚಿಹೋಯಿತು!

"ನಿಮಗೆ ಬೇರೆ ಹಾಳೇನೇ ಸಿಗಲಿಲ್ವಾ?"

"ಅದು... ಪೆಟ್ಟಿಗೇಲಿತ್ತು..."

"ಹೌದಲ್ವಾ! ನನ್ನದು ರದ್ದಿ ತಾನೆ!"

ಚೀಲ ಹೆಗಲಿಗೇರಿಸಿ ಹೊರಟವಳು ಮತ್ತೆ ತರಗತಿಯ ಕಡೆ ತಲೆ ಹಾಕಲಿಲ್ಲ. ಕೋಪ ಇಳಿದ ಮೇಲೆ ಉಳಿದದ್ದು ಬೇರೆಯೇ ನೋವು. ಗುಡ್ಡ ಹೋಯಿತು, ಸರಿ. ಅದನ್ನು ಕಳೆದವನು ಇವನೇ ಆಗಬೇಕಿತ್ತೇ?

ಪ್ರದರ್ಶನದ ದಿನ ಟೀಚರೇ ಫೋನ್ ಮಾಡಿದರು. "ಮುನಿಸು ಆಮೇಲೆ ಇಟ್ಟುಕೋ. ಮಧ್ಯಾಹ್ನ ಬಂದು ಹೋಗು."

ಕಚೇರಿಯಿಂದ ನೇರ ಹೋದಳು. ಎದುರು ಗೋಡೆಯ ಮೇಲೆ ಬೂದು, ಮಂಕಾದ ಹಸಿರು, ಬಿಳಿ ಪಟ್ಟಿ. ಕೆಳಗಿನ ಚೀಟಿಯಲ್ಲಿ ಅವಳದೇ ಹೆಸರು!

"ನಿಮ್ಮ ಚಿತ್ರ?" ಪಕ್ಕಕ್ಕೆ ಬಂದು ನಿಂತ ಡಾಕ್ಟರನ್ನು ಕೇಳಿದಳು.

"ಹಿಂದೆ ಇದೆ. ಗೋಡೆ ನೋಡ್ತಾ ಇದೆ."

"ಟೀಚರ್ ಏನೂ ಅನ್ನಲಿಲ್ವಾ?"

"ಮೊದಲು ಬೈದ್ರು. ತಿರುಗಿಸಿ ತೋರಿಸಿದೆ. ಸುಮಾರು ಹೊತ್ತು ನೋಡಿ, ಮೊಳೆ ಹೊಡೀರಿ ಅಂದ್ರು."

"ಮತ್ತೆ ಯಾಕ್ರೀ ಅದರ ಹಿಂದೆ ಬಣ್ಣ ಬಳಿದ್ರಿ?"

"ಅವತ್ತು ನೀವು ಹೋದ ತಕ್ಷಣ ಯಾರೋ ಅದಕ್ಕೆ ಕೈ ಹಾಕಿದ್ರು. ಹಾಳೆ ನಂದಾಗ್ಲಿ ಅಂತ ಕೈಗೆ ಸಿಕ್ಕಿದ ಬಣ್ಣ ಸುರಿದುಬಿಟ್ಟೆ. ಕೆಟ್ಟರೂ ಪರವಾಗಿಲ್ಲ ಅಂತಲೇ ಸುರಿದದ್ದು. ಟೀಚರಿಗೆ ಅದೇ ಇಷ್ಟ ಆಗಬೇಕಾ!"

"ಅಷ್ಟು ಹೇಳೋಕೆ ಏನಾಗಿತ್ತು?"

"ಯಾಕೆ ಉಳಿಸ್ಕೊಂಡೆ ಅಂತಲೂ ಹೇಳಬೇಕಾಗ್ತಿತ್ತಲ್ಲ..."

"ಈಗ ಹೇಳಿ."

ಡಾಕ್ಟರು ನೆಟ್ಟಗಿದ್ದ ಚೌಕಟ್ಟನ್ನೇ ಮತ್ತೆ ನೆಟ್ಟಗೆ ಮಾಡಿದರು. ಕಡೆಗೆ ಮೆಲ್ಲನೆ ಅಂದರು, "ನಿಮ್ಮ ಕೈಯಿಂದ ಬಂದದ್ದು ಇನ್ನೊಬ್ಬರ ಪಾಲಾಗೋದು ನೋಡೋಕಾಗ್ಲಿಲ್ಲ. ನೀವು ಬರೋದು ನಿಲ್ಲಿಸಿದ ಮೇಲೆ... ಆ ಖಾಲಿ ಕುರ್ಚಿ ನೋಡೋಕಂತೂ ಆಗ್ಲೇ ಇಲ್ಲ."

ಅವಳ ಕಣ್ಣು ಮಂಜಾಯಿತು. ಗೋಡೆಯ ಮೇಲಿನ ಗುಡ್ಡ ಇನ್ನಷ್ಟು ನಿಜವಾಗಿ ಕಂಡಿತು.

"ಬೆಳಗಿಂದ ಏನಾದ್ರೂ ತಿಂದ್ರಾ?"

"ಎಲ್ಲಿ... ನೀವು ಬಂದುಬಿಟ್ರೆ ಅಂತ ಬಾಗಿಲು ಬಿಟ್ಟು ಕದಲಲಿಲ್ಲ."

ಅವಳು ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿದಳು. ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವರ ಕೈಗಿಟ್ಟಳು.