ಕಲ್ಲುಸಾಲಿನ ಮಂತ್ರ

ಆನೆ, ಇರುವೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಜೇನುಗಿರಿ ಅಂತ ಒಂದು ರಾಜ್ಯ. ಅಲ್ಲಿನ ಬಯಲಲ್ಲಿ ಒಂದು ಕಲ್ಲುಸಾಲು. ಬರೀ ಕಲ್ಲಲ್ಲ, ಒಬ್ಬರ ಪಕ್ಕ ಒಬ್ಬರು ನಿಂತ ಮನುಷ್ಯರು! ಕರಾಳನೆಂಬ ಮಾಂತ್ರಿಕ ಹಿಂದೊಮ್ಮೆ ಒಂದು ಮದುವೆ ದಿಬ್ಬಣವನ್ನೇ ಕಲ್ಲು ಮಾಡಿದ್ದ. ಬಿಡಿಸಲು ಹೋದವರೆಲ್ಲ ತಾವೂ ಕಲ್ಲಾಗಿ ಸಾಲಿನ ತುದಿಗೆ ಸೇರಿಕೊಂಡರು. ಕೊನೆಗೆ ಸೇರಿದವಳು ಮುದ್ದೀರನ ಅಕ್ಕ ಕೆಂಪಾಜಿ.

ಮುದ್ದೀರನಿಗೆ ಎದೆ ಮುಂದೆ, ಮಾತು ಅದಕ್ಕಿಂತ ಮುಂದೆ. "ಅಕ್ಕನ್ನ ಕರ್ಕೊಂಡೇ ಬರ್ತೀನಿ. ಇಲ್ದಿದ್ರೆ ಮೀಸೆ ಬೋಳಿಸ್ತೀನಿ!" ಎಂದು ಊರಿಗೆಲ್ಲ ಸಾರಿ, ಕಲ್ಲು ಬಿಡಿಸುವ ಮಾತು ಕೆತ್ತಿದ್ದ ಮಂತ್ರದ ಗವಿ ಹೊಕ್ಕ.

ಹೊಕ್ಕವನು ಕಣ್ಣರಳಿಸಿದ. ಗೋಡೆ ತುಂಬ ಅಕ್ಷರಗಳು ಮಿಂಚುಹುಳದಂತೆ ಉಸಿರಾಡುತ್ತಿದ್ದವು. ಕಾವಲಿಗೊಂದು ಮುದಿ ಮುಳ್ಳುಹಂದಿ.

"ಮೊದಲು ಈ ಕಲ್ಲುಮೊಲ ಎಬ್ಬಿಸು," ಎಂದಿತು ಅದು.

ಗೋಡೆಯ ಮೇಲೆ ಉದಾಹರಣೆ ಕೆತ್ತಿತ್ತು: 'ಕಲ್ಲಾದ ನವಿಲೇ, ನವಿಲಾಗು.' ಮುದ್ದೀರ ಇದ್ದದ್ದನ್ನು ಇದ್ದ ಹಾಗೇ ಓದಿದ. ಮೊಲ ಕದಲಲಿಲ್ಲ. ಗವಿ ಅದುರುವಂತೆ ಕೂಗಿದ. ಊಹೂಂ.

"ಮೊಲಕ್ಕೇನು ಕಿವುಡೇ? ಅಲ್ಲಿ ನವಿಲು ಅನ್ನೋದು ಬರೀ ಗೂಡು ಕಣಪ್ಪ. ನಿನ್ನೆದುರಿಗೆ ಇರೋದನ್ನ ಅದರಲ್ಲಿಡು."

"ಕಲ್ಲಾದ ಮೊಲವೇ, ಮೊಲವಾಗು," ಎಂದ. ಕಲ್ಲಿನೊಳಗೆ ಎದೆ ಬಡಿಯಿತು. ಮೊಲ ನೆಗೆದು ಓಡಿತು!

ಮುಂದೆ ಒಂದು ಕರಿ ಮಡು. ದಾಟಲೆಂದು ಮುಳ್ಳುಹಂದಿ ಅವನ ಕಾಲ ಬಳಿ ಒಂದು ಬೀಜ ಉರುಳಿಸಿತು. ಗೋಡೆಯಲ್ಲಿ ಒಂದು ಮಂತ್ರದ ಹೊಟ್ಟೆಯೊಳಗೆ ಇನ್ನೊಂದು ಮಂತ್ರ: ಹೊರಗೆ 'ದೋಣಿಯಾಗು', ಒಳಗೆ 'ಮರವಾಗು'. ಮುದ್ದೀರ ಮೊದಲು ಕಂಡದ್ದನ್ನೇ ಮೊದಲು ಹೇಳಿದ. ಬೀಜ ಬಿದ್ದಲ್ಲೇ ಬಿದ್ದಿತ್ತು.

"ನಿಮ್ಮನೇಲಿ ಕಡುಬು ಮಾಡಿ ಆಮೇಲೆ ಹೂರಣ ಬೇಯಿಸ್ತಾರಾ?"

ಮುದ್ದೀರ ನಾಲಿಗೆ ಕಚ್ಚಿಕೊಂಡ. ಒಳಗಿನದು ಮೊದಲು ಹೇಳಿದ. ಬೀಜ ಮರವಾಗಿ ಗವಿಯ ಸೂರು ಮುಟ್ಟಿತು. ಆ ಮರಕ್ಕೆ ಹೊರಗಿನದು ಹೇಳಿದ. ಮರ ತಾನಾಗಿ ಬಾಗಿ, ದೋಣಿಯಾಗಿ ನೀರಿಗಿಳಿಯಿತು.

ಇಬ್ಬರೂ ದಾಟಿದರು. ಆಚೆ ದಡದ ಗೋಡೆಯಲ್ಲಿ ಸಾಲಿನ ಮಂತ್ರ: 'ಮೊದಲನೆಯವರೇ, ಏಳಿ. ಉಳಿದ ಸಾಲಿಗೂ ಇದೇ ಮಾತು.'

"ಇಷ್ಟೇನಾ? ಬಂತು ಬಿಡು!" ಮುದ್ದೀರ ಹೊರಟೇಬಿಟ್ಟ.

"ನಿನ್ನಕ್ಕನೂ ಹೀಗೇ ಓಡಿದ್ಲು," ಎಂದಿತು ಮುಳ್ಳುಹಂದಿ.

ಅವನ ಕಾಲು ನಿಂತಿತು. ಗೋಡೆಯನ್ನೇ ದಿಟ್ಟಿಸಿದ. ಮೆಲ್ಲಗೆ ಕೇಳಿದ: "ಅಜ್ಜ, ಕೊನೆಯವರೂ ಎದ್ದ ಮೇಲೆ ಮಂತ್ರ ಎಲ್ಲಿಗೆ ಹೋಗುತ್ತೆ?"

ಮುಳ್ಳುಹಂದಿ ಮುಳ್ಳೆಲ್ಲ ಮಡಚಿ ತಲೆಬಾಗಿತು. "ಇದನ್ನ ಕೇಳಿದವನು ನೀನೇ ಮೊದಲು. ನಿಲ್ಲು ಅಂತ ಹೇಳದಿದ್ರೆ ಅದು ತಿರುಗಿ ಬರುತ್ತೆ. ಎದ್ದವರನ್ನೂ ಕಲ್ಲು ಮಾಡಿ, ಕೂಗಿದವನನ್ನೂ ಕಲ್ಲು ಮಾಡುತ್ತೆ. ಹಾಗೆ ತಿರುಗಿ ಬಂದ ಮಂತ್ರವೇ ಕರಾಳನ ಊಟ," ಎಂದು ಗೋಡೆಯ ಬುಡದ ಪಾಚಿ ಕೆರೆಯಿತು. ಅಲ್ಲಿತ್ತು ಮಂತ್ರದ ಕೊನೆಯ ಮಾತು.

ಬಯಲಲ್ಲಿ ಕರಾಳ ಬಾಯಿ ತೆರೆದು ಕಾದಿದ್ದ. "ಬಾರೋ, ಅಕ್ಕನ ಪಕ್ಕ ಜಾಗ ಇದೆ!"

ಮುದ್ದೀರ ಕೊನೆಯ ಮಾತನ್ನೇ ಮೊದಲು ಹೇಳಿದ: "ಸಾಲು ಖಾಲಿಯಾದರೆ, ಸಾಕು. ಖಾಲಿಯಾಗದಿದ್ದರೆ, ಮೊದಲನೆಯವರೇ, ಏಳಿ. ಉಳಿದ ಸಾಲಿಗೂ ಇದೇ ಮಾತು."

ಮದುಮಗಳ ತುಟಿಯಲ್ಲಿ ಕಲ್ಲಾಗಿದ್ದ ನಗು ಪೂರ್ತಿಯಾಯಿತು. ಡೋಲಿನ ಮೇಲೆ ಎತ್ತಿದ ಕೋಲು ಬಿತ್ತು: ಢಂ! ಮುಂದಿನವರು, ಅವರ ಮುಂದಿನವರು... ಕೊನೆಗೆ ಕೆಂಪಾಜಿ ಕಣ್ಣು ತೆರೆದಳು. ಮಂತ್ರ ಖಾಲಿ ಬಯಲು ನೋಡಿ ಹಕ್ಕಿಯಂತೆ ರೆಕ್ಕೆ ಮಡಚಿ ನಿಂತಿತು. ಏನೂ ತಿರುಗಿ ಬರಲಿಲ್ಲ. ಊಟ ತಪ್ಪಿದ ಕರಾಳ ತೆರೆದ ಬಾಯಿ ತೆರೆದಂತೆಯೇ ಬೂದಿಯಾಗಿ ಉದುರಿದ.

"ಏನ್ಲಾ, ಈ ಸಲ ಏನಂತ ಜಂಬ ಕೊಚ್ಚಿ ಬಂದಿದ್ದೆ?" ಎಂದಳು ಅಕ್ಕ.

ಮುದ್ದೀರ ಕಣ್ಣೊರೆಸಿಕೊಂಡು ಮೀಸೆ ತಿರುವಿದ. "ಮೊದಲು ಇದು ಉಳೀತಲ್ಲ, ನೋಡು!"

ನಿಂತಿದ್ದ ದಿಬ್ಬಣ ಹೊರಟಿತು. ತಡವಾದ ಆ ಮದುವೆಯೂಟ ಇಡೀ ರಾಜ್ಯ ಉಂಡಿತು, ಎಲ್ಲರೂ ಸುಖವಾಗಿ ಬಾಳಿದರು.