ಪಕ್ಕದಲ್ಲಿ ನಿಲ್ಲಲ್ಲ ಅಂದವನು

"ಇನ್ನೊಂದ್ಸಲ ಹೇಳಿ! ಈಗ ಫೋನಲ್ಲಿ ಹೇಳಿದ್ದನ್ನ ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ!"

ಅವಳು ಟ್ರಯಲ್ ರೂಮಿನ ಪರದೆ ಎಳೆದ ರಭಸಕ್ಕೆ ಮೇಲಿನ ಕಂಬಿಯ ಒಂದು ತುದಿ ಗೋಡೆಯಿಂದ ಕಿತ್ತು ಬಂತು.

ಒಳಗೆ ನಿಂತಿದ್ದವನ ಮೈಮೇಲೆ ಒಂದೇ ತೋಳಿನ ಕೋಟು. ಇನ್ನೊಂದು ತೋಳು ಅವಳ ಕೈಯಲ್ಲಿತ್ತು. ಅವನು ಫೋನನ್ನು ಮೆಲ್ಲಗೆ ಕಿವಿಯಿಂದ ಇಳಿಸಿದ.

"ನೀವು... ಕೇಳಿಸ್ಕೊಂಡ್ರಾ?"

"ನನ್ನ ಅಂಗಡಿ, ನನ್ನ ಕಿವಿ! 'ಈ ಮದುವೆ ನಿಲ್ಲಿಸು, ಇಲ್ಲಾಂದ್ರೆ ನಾನು ನಿನ್ನ ಪಕ್ಕ ನಿಲ್ಲಲ್ಲ' ಅಂದ್ರಲ್ಲ. ಯಾರ ಮದುವೆ ಗೊತ್ತಾ ಅದು? ನನ್ನ ಅಕ್ಕಂದು!"

ಇಬ್ಬರೂ ಮೊದಲ ಸಲ ಮುಖ ನೋಡಿ ಇನ್ನೂ ಒಂದು ಲೋಟ ಟೀ ಆರುವಷ್ಟು ಹೊತ್ತೂ ಆಗಿರಲಿಲ್ಲ. ಅವನು ಮದುಮಗನ ಜೀವದ ಗೆಳೆಯ, ಮದುವೆಯ ದಿನ ಪಕ್ಕದಲ್ಲಿ ನಿಲ್ಲಬೇಕಾದವನು. ಲಿಫ್ಟ್ ರಿಪೇರಿ ಕೆಲಸ. ಹಾಗಾಗಿ ಗೆಳೆಯರ ಬಾಯಲ್ಲಿ ಅವನ ಹೆಸರೇ 'ಲಿಫ್ಟು'. ಮದುಮಗ ಹೇಳಿಕಳಿಸಿದ ಅಳತೆಗೆ ಹೊಲಿದ ಕೋಟನ್ನು ಸರಿಹೊಂದಿಸಲು ಎದೆಯ ಅಳತೆ ತೆಗೆಯುವಾಗ ಅವಳು "ಉಸಿರು ಬಿಗಿ ಹಿಡೀರಿ" ಅಂದು, "ಬಿಡಿ" ಅನ್ನಲು ಮರೆತಿದ್ದಳು. ಪುಣ್ಯಾತ್ಮ ಮುಖ ಕೆಂಪಾಗುವವರೆಗೂ ಹಾಗೇ ನಿಂತಿದ್ದ! ನಗು ತಡೆಯಲಾಗದೆ ಅವಳು ಒಳಗೆ ಓಡಿದ್ದಳು. ಇಷ್ಟು ಬೇಗ ಯಾರೂ ಅವಳಿಗೆ ಇಷ್ಟವಾಗಿರಲಿಲ್ಲ.

ಈಗ ಅದನ್ನು ನೆನೆದರೇ ಮೈ ಉರಿಯುತ್ತಿತ್ತು.

"ಯಾಕೆ ನಿಲ್ಲಿಸ್ಬೇಕು? ತಂದೆ ತಾಯಿ ಇಲ್ಲದ ಹುಡುಗಿಯರು, ಕೇಳೋರಿಲ್ಲ ಅಂತಾನಾ?"

"ಛೇ! ಹಾಗೆಲ್ಲ ಅನ್ಬೇಡಿ."

"ಮತ್ತೆ ಹೇಗೆ ಅನ್ಬೇಕು? ಕಾರಣ ಹೇಳಿ!"

ಅವನು ಫೋನನ್ನು ಜೇಬಿಗಿಟ್ಟ.

"ಅದು ನನ್ನ ಮಾತಲ್ಲ. ಅವನು ಹೇಳ್ಬೇಕಾದ್ದು. ನನ್ನ ಬಾಯಿಂದ ಬರೋ ಹಾಗಿಲ್ಲ."

"ಓಹೋ! ಬೆಂಕಿ ಹಚ್ಚೋಕೆ ಬಾಯಿದೆ, ಕಾರಣ ಹೇಳೋಕಿಲ್ಲ! ಕೋಟು ಬಿಚ್ಚಿ. ನಾನು ಹೊಲಿಯಲ್ಲ."

ಅವನು ಬಿಚ್ಚಿದ. ಮಡಚಿ ಮೇಜಿನ ಮೇಲಿಟ್ಟ. ಬಾಗಿಲಲ್ಲಿ ತಿರುಗಿ, "ನಿಮ್ಮ ಅಕ್ಕನ ಮೇಲೆ ನನಗೆ ತುಂಬಾ ಗೌರವ ಇದೆ," ಅಂದ.

"ನಿಮ್ಮ ಗೌರವಾನ ಮಡಚಿ ಜೇಬಲ್ಲಿ ಇಟ್ಕೊಳ್ಳಿ!"

ಅವನು ಹೋದ ಮೇಲೆ ಅವಳು ಮಷೀನಿನ ಮುಂದೆ ಕೂತಳು. ಹೊಲಿದದ್ದೆಲ್ಲ ಸೊಟ್ಟ. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಸೊಟ್ಟ!

ಸಂಜೆ ಮನೆಗೆ ಹೋದಾಗ ಅಕ್ಕ ಕನ್ನಡಿ ಮುಂದೆ ನಿಂತು ಮದುವೆಯ ಸೀರೆಯನ್ನು ಹೆಗಲ ಮೇಲೆ ಹಾಕಿ ನೋಡಿಕೊಳ್ಳುತ್ತಿದ್ದಳು. ಅಕ್ಕ ಶಾಲೆಯಲ್ಲಿ ಟೀಚರು. ಕ್ಲಾಸಿನಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಪಕ್ಕದ ಕ್ಲಾಸೂ ಗಪ್‌ಚಿಪ್! ಅಂಥ ಅಕ್ಕ ಚಿಕ್ಕ ಹುಡುಗಿಯಂತೆ ಹಾಡು ಗುನುಗುತ್ತಿದ್ದಳು.

"ಏನೇ ಮೆಣಸು, ಮುಖ ಯಾಕೆ ಊದಿದೆ? ಯಾವ ಗಿರಾಕಿ ಜೊತೆ ಜಗಳ?"

ಮೂಗಿನ ತುದಿಯಲ್ಲೇ ಸಿಟ್ಟು ಅಂತ ಅಕ್ಕ ಇಟ್ಟ ಹೆಸರು, ಮೆಣಸು.

ಹೇಳಿಬಿಡಲಾ? ಬಾಯಿಯ ತನಕ ಬಂತು... ತನ್ನನ್ನು ಸಾಕಿ ಸಲಹಿದ ಅಕ್ಕ. ತಂಗಿಗೊಂದು ದಾರಿಯಾಗಲಿ ಅಂತ ಬಂದ ಸಂಬಂಧಗಳನ್ನೆಲ್ಲ ಮುಂದೂಡಿದವಳು. ಈಗ ಆ ನಗುವಿಗೆ ಕಲ್ಲು ಹಾಕಲಾ?

"ಏನಿಲ್ಲಕ್ಕಾ. ತಲೆನೋವು."

*

ಮದುವೆಯ ಬೆಳಗ್ಗೆ ಹಾಲ್ ತುಂಬಾ ಜನ. ಮದುಮಗನ ಗೆಳೆಯರೆಲ್ಲ ಒಂದೇ ಬಣ್ಣದ ಕೋಟಿನಲ್ಲಿ ಓಡಾಡುತ್ತಿದ್ದರು. ಲಿಫ್ಟು ಮಾತ್ರ ಬಿಳಿ ಶರಟಿನಲ್ಲಿ ಮದುಮಗನ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ.

ಅವಳ ಕಣ್ಣು ಕೆಂಡವಾಯಿತು.

"ನಿಲ್ಲಲ್ಲ ಅಂದವರು ಬಂದಿದ್ದೇಕೆ? ಊಟಕ್ಕಾ?"

"ಅವನು ಒಬ್ಬನೇ ಇರಬಾರದು ಅಂತ." ಅವನ ಕಣ್ಣುಗಳು ನಿದ್ದೆಗೆಟ್ಟಿದ್ದವು. "ಇವತ್ತಾದ್ರೂ ಹೇಳ್ತಾನೆ ಅಂದ್ಕೊಂಡಿದ್ದೀನಿ."

"ಏನು ಹೇಳ್ಬೇಕು ನಮ್ಮ ಭಾವ? ಒಗಟು ಸಾಕು! ನಿಮ್ಮಂಥ ಗೆಳೆಯ ಇದ್ರೆ ಶತ್ರು ಯಾಕೆ ಬೇಕು?"

ಅಷ್ಟರಲ್ಲಿ ಒಳಗೆ ದಡ್ ಅಂತ ಏನೋ ಬಿದ್ದ ಸದ್ದು.

ಅವನು ಮಿಂಚಿನಂತೆ ಒಳಗೆ ನುಗ್ಗಿದ. ಹಿಂದೆಯೇ ಅವಳು.

ಮದುಮಗ ನೆಲದ ಮೇಲಿದ್ದ. ಕೈಕಾಲು ಸೆಟೆದು ಅದುರುತ್ತಿದ್ದವು. ಕಣ್ಣುಗುಡ್ಡೆ ಮೇಲೆ ಹೋಗಿತ್ತು. ಅವಳು ಅವನ ಕೈ ಅದುಮಿ ಹಿಡಿಯಲು ಬಗ್ಗಿದಳು.

"ಆ ಕುರ್ಚಿ ಆಚೆ ಎಳೀರಿ. ಹಿಡ್ಕೋಬೇಡಿ. ಬಾಯಿಗೂ ಏನೂ ಹಾಕ್ಬೇಡಿ." ಅವನ ದನಿಯಲ್ಲಿ ಗಾಬರಿಯೇ ಇರಲಿಲ್ಲ. ಟವೆಲ್ ಮಡಚಿ ಗೆಳೆಯನ ತಲೆಯಡಿ ಇಟ್ಟ. ಅದುರಾಟ ಇಳಿದ ಮೇಲೆ ಮಗ್ಗುಲಿಗೆ ತಿರುಗಿಸಿ, ಬೆನ್ನು ಸವರುತ್ತಾ, "ಆಯ್ತು ಕಣೋ... ಆಯ್ತು. ನಾನಿದ್ದೀನಿ," ಅನ್ನುತ್ತಲೇ ಇದ್ದ.

ಅವಳಿಗೆ ಎಲ್ಲ ಅರ್ಥವಾಯಿತು. ಭಾವ ಸಿಟಿ ಬಸ್ಸಿನ ಡ್ರೈವರ್!

"ಎಷ್ಟು ದಿನದಿಂದ ಈ ಮೂರ್ಛೆರೋಗ?"

"ಈ ವರ್ಷ ಶುರುವಾಗಿದ್ದು. ಮೊದಲ ಸಲ ನನ್ನ ಎದುರೇ ಬಿದ್ದ. ಅವತ್ತೇ ಹಟ ಹಿಡಿದು ರಜೆ ಹಾಕಿಸ್ದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಟೀಚರಿಗೆ ಹೇಳು, ಆಮೇಲೆ ಮದುವೆ ಆಗು ಅಂದೆ. 'ನಾಳೆ, ನಾಳೆ' ಅಂದ. ಬೇರೆ ಯಾರಿಗೂ ಹೇಳಲ್ಲ ಅಂತ ನನ್ನ ಹತ್ರ ಮಾತು ತಗೊಂಡಿದ್ದ."

ಅವಳ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ!

"ಹಾಳಾದ ಮಾತು! ಅವತ್ತು ನಾನು ಅಷ್ಟು ಬೇಡ್ಕೊಂಡೆ. ನನಗೊಬ್ಬಳಿಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ತಲೆ ಎತ್ತಿದ. ಮೊದಲ ಸಲ ಅವನ ಕಣ್ಣಲ್ಲೂ ಬೆಂಕಿ ಕಂಡಿತು.

"ಬೇಡ್ಕೊಂಡ್ರಾ? ಬೈದ್ರಿ! ಸರಿ, ನೀವೂ ಕೇಳಿಸ್ಕೊಂಡ್ರಲ್ಲ, ಮದುವೆ ನಿಲ್ಲಿಸು ಅಂದಿದ್ದನ್ನ? ನಿಮ್ಮ ಅಕ್ಕನಿಗೆ ಹೇಳಿದ್ರಾ?"

*ಇಲ್ಲ. ಹೇಳಲಿಲ್ಲ. ಅಕ್ಕನ ನಗು ಕೆಡಿಸಬಾರದು ಅಂತ... ಭಾವನೂ ಹೀಗೇ ಅಂದುಕೊಂಡನಲ್ಲವೇ?*

ಅವಳೇ ಹೋಗಿ ಅಕ್ಕನನ್ನು ಕರೆತಂದಳು.

ಅಷ್ಟು ಹೊತ್ತಿಗೆ ಮದುಮಗ ಗೋಡೆಗೆ ಒರಗಿ ಕೂತಿದ್ದ. ತಡವರಿಸುತ್ತಾ ಎಲ್ಲ ಹೇಳಿದ. ಮುಗಿದ ಮೇಲೆ ಅಕ್ಕ ಬಗ್ಗಿ ಅವನ ಹಣೆಯ ಬೆವರು ಒರೆಸಿದಳು. ಆಮೇಲೆ ನೆಟ್ಟಗೆ ನಿಂತಳು.

"ನೆಗಡಿ ಆದ್ರೆ ಊರಿಗೆಲ್ಲಾ ಡಂಗುರ ಹೊಡೀತೀಯ. ಇದನ್ನ ನನ್ನಿಂದ ಮುಚ್ಚಿಟ್ಟೆ! ನಾನು ನಿನಗೆ ಯಾರು?"

"ನೀನು ಬಿಟ್ಟು ಹೋಗ್ತೀಯ ಅಂತ ಭಯ ಆಯ್ತು..."

"ರಜೆ ಮುಗಿದ ಮೇಲೆ? ಮತ್ತೆ ಸ್ಟೇರಿಂಗ್ ಹಿಡೀತಿದ್ದೆಯಾ? ನನ್ನ ಕ್ಲಾಸಿನ ಮಕ್ಕಳು ಬರೋದು ಅದೇ ಬಸ್ಸಲ್ಲಿ ಕಣೋ!"

ಮದುಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅಕ್ಕ ಸೀದಾ ವೇದಿಕೆಗೆ ಹೋದಳು. ಮೈಕು ಬೇಕಾಗಲಿಲ್ಲ.

"ಇವತ್ತು ಮದುವೆ ಇಲ್ಲ. ಯಾರೂ ಹಸಿದು ಹೋಗ್ಬೇಡಿ. ಊಟ ಮಾಡ್ಕೊಂಡು ಹೋಗಿ."

*

ಅಂದು ಮನೆಗೆ ಬಂದ ಮೇಲೆ ಅವಳೂ ಎಲ್ಲ ಒಪ್ಪಿಕೊಂಡಳು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! "ನೀನೂನಾ?" ಅಂದು, ತಿಂಗಳುಗಟ್ಟಲೆ ಬೇಕಾದಷ್ಟೇ ಮಾತಾಡಿದಳು.

ಭಾವ ಡಿಪೋಗೆ ಹೋಗಿ ತಾನಾಗಿಯೇ ವಿಷಯ ತಿಳಿಸಿದ. ಬಸ್ಸು ಬಿಟ್ಟು ಟಿಕೆಟ್ ಕೌಂಟರಿನಲ್ಲಿ ಕೂತ. ದಿನಾ ಸಂಜೆ ಬಂದು ಅವರ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅಕ್ಕ ಮೊದಮೊದಲು ಬಾಗಿಲೇ ತೆರೆಯಲಿಲ್ಲ. ಆಮೇಲೆ ತೆರೆದು ಜಗಳವಾಡಿದಳು. ಆಮೇಲೆ ಅವನ ಜೊತೆ ಡಾಕ್ಟರ ಹತ್ತಿರ ಹೋಗತೊಡಗಿದಳು. ಒಂದು ಭಾನುವಾರ ಊಟಕ್ಕೆ ಕೂತಾಗ, "ಮನೆಯಲ್ಲೇ ಮಾಡ್ಕೊಳ್ಳೋಣ. ಮದುವೆ ಹಾಲೂ ಬೇಡ, ಜಾತ್ರೆಯೂ ಬೇಡ," ಅಂದುಬಿಟ್ಟಳು. ಭಾವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಆದರೆ ಲಿಫ್ಟು ಮಾತ್ರ ಪತ್ತೆಯಿಲ್ಲ. ಭಾವನ ಫೋನನ್ನೂ ಎತ್ತುತ್ತಿರಲಿಲ್ಲ.

ಅವಳೇ ಹೊರಟಳು. ಅವನು ಕೆಲಸ ಮಾಡುತ್ತಿದ್ದದ್ದು ಒಂದು ಎತ್ತರದ ಆಫೀಸ್ ಕಟ್ಟಡದಲ್ಲಿ. 'ಲಿಫ್ಟ್ ರಿಪೇರಿಯಲ್ಲಿದೆ' ಅನ್ನುವ ಬೋರ್ಡು ನೋಡಿ ಅವಳ ಪಿತ್ತ ನೆತ್ತಿಗೇರಿತು. ಮಹಡಿಯ ಮೇಲೆ ಮಹಡಿ ಹತ್ತಿದಳು. ಮೇಲಿನ ಮೋಟಾರು ಕೋಣೆ ತಲುಪುವಾಗ ಉಸಿರೇ ಇರಲಿಲ್ಲ, ಸಿಟ್ಟು ಮಾತ್ರ ಇತ್ತು.

ಅವನು ಎಣ್ಣೆಗೈಯಲ್ಲಿ ಸ್ಪ್ಯಾನರ್ ಹಿಡಿದು ಕಣ್ಣರಳಿಸಿದ. "ನೀವಾ?! ಹತ್ತಿ ಬಂದ್ರಾ?"

"ಇಲ್ಲ, ಹಾರಿ ಬಂದೆ! ಅಕ್ಕ ಮದುವೆಗೆ ಒಪ್ಪಿದ್ದಾಳೆ. ಭಾವನ ಪಕ್ಕದಲ್ಲಿ ನೀವು ನಿಲ್ಬೇಕು."

ಅವನ ಮುಖ ಅರಳಿತು, ತಕ್ಷಣ ಬಾಡಿತು.

"ಬೇರೆ ಯಾರಾದ್ರೂ ನಿಲ್ಲಲಿ. ಹೇಳು ಹೇಳು ಅಂತ ನಾನೇ ಅವನ ಪ್ರಾಣ ತಿಂದೆ. ಮದುವೆಯ ಹಿಂದಿನ ರಾತ್ರಿಯಿಡೀ ಅವನು ನಿದ್ದೆ ಮಾಡ್ಲಿಲ್ಲ. ಅದಕ್ಕೇ ಬಿದ್ದ. ಅಷ್ಟು ಜನರ ಮುಂದೆ ಅವನ ಮರ್ಯಾದೆ... ಯಾವ ಮುಖ ಇಟ್ಕೊಂಡು ಪಕ್ಕದಲ್ಲಿ ನಿಲ್ಲಲಿ?"

"ನಿನಗೇನು ತಲೆ ಕೆಟ್ಟಿದೆಯಾ?"

ಅಂದವಳು ನಾಲಿಗೆ ಕಚ್ಚಿಕೊಂಡಳು. ಆದರೂ ನಿಲ್ಲಿಸಲಿಲ್ಲ.

"ಎಲ್ಲರೂ ಅಕ್ಕನ ಒಳ್ಳೇದಕ್ಕೆ ಅಂತ ಬಾಯಿ ಮುಚ್ಕೊಂಡ್ವಿ. ಭಾವ, ನಾನು... ಹೇಳು ಅಂತ ಜಗಳ ಆಡಿದ್ದು ನೀನೊಬ್ಬನೇ. ಅಂಥ ನಿನ್ನನ್ನ ನಾನು ಶತ್ರು ಅಂದೆ. ಅವತ್ತಿಂದ ನನಗೆ ನನ್ನ ಮೇಲೇ ಸಿಟ್ಟು. ನೀನು ಬರಲಿಲ್ಲ ಅಂತ ನಿನ್ನ ಮೇಲೂ ಸಿಟ್ಟು! ಅಂಗಡಿ ಮುಂದೆ ಯಾರು ನಿಂತ್ರೂ ನೀನೇ ಅಂತ ತಲೆ ಎತ್ತಿ ಎತ್ತಿ ನನಗೆ ಕತ್ತುನೋವು ಬಂತು!"

ಹೇಳಬಾರದ್ದು ಹೇಳಿಯಾಗಿತ್ತು. ಕಣ್ಣು ತುಂಬಿತು. ಅವಳು ತಿರುಗಿ ಮೆಟ್ಟಿಲ ಕಡೆ ನಡೆದಳು.

"ನಿಂತ್ಕೊಳ್ಳಿ..."

ಅವನು ಬಟ್ಟೆಯ ತುಂಡಿನಲ್ಲಿ ಕೈ ಉಜ್ಜಿಕೊಳ್ಳುತ್ತಾ ಹತ್ತಿರ ಬಂದ. ಎಷ್ಟು ಉಜ್ಜಿದರೂ ಎಣ್ಣೆ ಹೋಗಲಿಲ್ಲ.

"ನಾನೂ ನಿಮ್ಮ ಅಂಗಡಿ ಇರೋ ಬೀದಿಗೆ ಎಷ್ಟೋ ಸಲ ಬಂದೆ. ಮೂಲೆ ತನಕ ಬಂದು, ಮತ್ತೆ ಬೈತಾರೆ ಅಂತ ಹೆದರಿ ವಾಪಸ್ ಹೋದೆ."

"ಬೈತಿದ್ದೆ. ಆದ್ರೂ ಬರಬೇಕಿತ್ತು."

"ಇನ್ಮೇಲೆ ಬರ್ತೀನಿ. ಅವನ ಪಕ್ಕದಲ್ಲೂ ನಿಲ್ತೀನಿ." ಅವನು ಆ ಬಟ್ಟೆಯ ತುಂಡನ್ನು ಜೇಬಿಗೆ ತುರುಕಿದ. "ನಿಮ್ಮ ಪಕ್ಕದಲ್ಲಿ ನಿಲ್ಲೋಕೆ... ಯಾರನ್ನ ಕೇಳ್ಬೇಕು?"

ಅವಳು ಕೆನ್ನೆ ಒರೆಸಿಕೊಂಡಳು.

"ನನ್ನನ್ನೇ ಕೇಳ್ಬೇಕು. ನನ್ನ ತಪ್ಪಿದ್ರೆ ನನ್ನ ಮುಖಕ್ಕೇ ಹೇಳ್ತೀಯಾ?"

"ಹೇಳ್ತೀನಿ. ಪರದೆ ಗಿರದೆ ಕಿತ್ತು ಹಾಕಿದ್ರೂ ಹೇಳ್ತೀನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಬೈಯೋ ಭರದಲ್ಲಿ ನಿಮಗೆ 'ನೀನು' ಅಂದ್ಬಿಟ್ಟೆ. ಕ್ಷಮಿಸಿ."

ಅವನು ಆ ಎಣ್ಣೆಗೈಯನ್ನೇ ಚಾಚಿದ. ಅವಳು ಹಿಡಿದುಕೊಂಡಳು.

"ಕ್ಷಮೆ ಗಿಮೆ ಬೇಡ. ಆ 'ನೀನು' ಹಾಗೇ ಇರಲಿ."

"ಹಾಗಾದ್ರೆ ನೀನೂ ಅನ್ನು."

"ನೀನು..." ಅಂದ ಅವನು, ಮೆಲ್ಲಗೆ. "ನೀನು ಮೊದಲು ಸ್ವಲ್ಪ ಕೂತ್ಕೊ. ಅಷ್ಟು ಮೆಟ್ಟಿಲು ಹತ್ತಿ ಬಂದಿದ್ದೀಯ."