ಕರೆಂಟಿಲ್ಲದ ಮೆಷಿನ್ನು, ಬಿಚ್ಚಿಕೊಂಡ ಬೆರಳು

"ಮುಟ್ಟೋ ಮೊದಲು ಹೇಳಿ, ಈ ಕೈ ಸರಿಹೋಗುತ್ತಾ ಇಲ್ವಾ?"

"ಗೊತ್ತಿಲ್ಲ," ಎಂದ ಫಿಸಿಯೋಥೆರಪಿಸ್ಟ್. "ಪ್ರಯತ್ನ ಮಾಡೋಣ."

ಎಲ್ಲರೂ ಸಮಾಧಾನ ಹೇಳಿದವರೇ. ಗೊತ್ತಿಲ್ಲ ಎಂದವನು ಇವನೊಬ್ಬನೇ! ಅವಳು ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದಳು.

ಪಾರ್ಶ್ವವಾಯು ಅವಳ ನಾಲಿಗೆಯ ಹರಿತವನ್ನು ಮುಟ್ಟಿರಲಿಲ್ಲ. ಬಟ್ಟೆ ಹೊಲಿಯುತ್ತಿದ್ದ ಬಲಗೈ ಮಾತ್ರ ಬಿಗಿದುಕೊಂಡಿತ್ತು. ಹಿಡಿಯಲು ಬರುತ್ತಿತ್ತು, ಬಿಡಲು ಬರುತ್ತಿರಲಿಲ್ಲ. ಕತ್ತರಿ ಆಡಿಸಲು ಎರಡೂ ಬೇಕಲ್ಲ... ಬೆರಳು ತೆರೆಯದಿದ್ದರೆ ಟೈಲರ್ ಅಂಗಡಿಯೂ ತೆರೆಯುವಂತಿರಲಿಲ್ಲ.

ಅವನು ಮುಂಗೈಗೆ ಪಟ್ಟಿ ಅಂಟಿಸಿ ಮೆಷಿನ್ ಹಚ್ಚಿದ. ಸಣ್ಣ ಕರೆಂಟು ನರಗಳನ್ನು ಎಬ್ಬಿಸುತ್ತದೆ, ಜೊತೆಗೆ ನೀವೂ ಬೆವರು ಸುರಿಸಬೇಕು ಎಂದ. ಅವಳು ಸುರಿಸಿದಳು. ಮೆಷಿನ್ ನೋಡೋ ನೆಪದಲ್ಲಿ ಯಾರನ್ನು ನೋಡ್ತೀಯ ಅಂತ ಗೊತ್ತು ಎಂದು ಜೊತೆಗೆ ಬರುತ್ತಿದ್ದ ಅತ್ತಿಗೆ ಕಾಲೆಳೆದಳು. ಕೆನ್ನೆ ಕೆಂಪಾದರೂ ಅವಳು ಒಪ್ಪಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಕ್ಲಿನಿಕ್ಕಿನಲ್ಲೇ ಅವಳು ಬಟ್ಟೆಯ ಚೂರೊಂದನ್ನು ಕತ್ತರಿಸಿಯೇಬಿಟ್ಟಳು! ಅತ್ತಿಗೆ ಕಣ್ಣೊರೆಸಿಕೊಂಡಳು. ಇವಳು ಮೆಷಿನ್ನಿನ ಬೆನ್ನು ಸವರಿ ಥ್ಯಾಂಕ್ಸ್ ಅಂದಳು. ಅವನ ಮುಖ ಇಳಿದುಹೋಯಿತು.

"ಅದು ಕೆಟ್ಟಿದೆ... ದೀಪ ಉರಿಯುತ್ತೆ, ಕರೆಂಟ್ ಬರಲ್ಲ. ನಂಗೇ ಹೋದ ವಾರ ಗೊತ್ತಾಯ್ತು. ಅಷ್ಟರಲ್ಲಿ ನಿಮ್ಮ ಬೆರಳು ಅಲುಗಾಡ್ತಿತ್ತು. ಹೇಳಿದ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಹೆದರಿದೆ."

ಹಾಗಾದರೆ ದಿನವೂ ಕೈ ಜುಮ್ಮೆಂದದ್ದು? ನಾನು ಅಷ್ಟು ಪೆದ್ದಿಯೇ? ನಂಬಿಸಿ ಕತ್ತು ಕೊಯ್ದ ಎಂದುಕೊಂಡಳು. ಮನೆ ಸೇರುವಷ್ಟರಲ್ಲಿ ಬೆರಳುಗಳು ಮತ್ತೆ ಬಿಗಿದಿದ್ದವು.

ಇನ್ನು ಅತ್ತ ತಲೆ ಹಾಕುವುದಿಲ್ಲ ಎಂದು ಕುಳಿತಳು. ಅತ್ತಿಗೆ ಬಟ್ಟೆ ಮಡಿಸುತ್ತ ಹೇಳಿದಳು:

"ಅವನಾಗೇ ಹೇಳದಿದ್ರೆ ನಿಂಗೆ ಗೊತ್ತಾಗ್ತಿತ್ತೇನೇ? ಕರೆಂಟಿಲ್ದೇ ಬಿಚ್ಚಿದ ಕೈ ಇದು. ಈಗೇನು ಕಮ್ಮಿಯಾಗಿದೆ ಅದಕ್ಕೆ?"

ಆ ಮಾತು ಎದೆಗೆ ನಾಟಿತು. ಅವನು ಕಲಿಸಿದಂತೆ ಉಸಿರು ಬಿಟ್ಟು ಹೆಬ್ಬೆರಳಿನಿಂದ ಶುರು ಮಾಡಿದಳು. ಬರಲಿಲ್ಲ. ಮತ್ತೆ ಮಾಡಿದಳು. ಸಂಜೆಯ ಹೊತ್ತಿಗೆ ಕಿರುಬೆರಳೂ ತೆರೆದಾಗ ಸಿಟ್ಟೆಲ್ಲ ಅಳುವಾಗಿ ಹರಿಯಿತು. ಈ ಹಠ ಕಲಿಸಿದವನು ಅವನೇ ಅಲ್ಲವೇ...

ಮರುದಿನ ಅವಳು ಮತ್ತೆ ಕ್ಲಿನಿಕ್ಕಿಗೆ ಹೋದಾಗ ಅವನು ಕ್ಷಮೆ ಕೇಳಿದ. ಗುಣವಾಗುತ್ತೇನೆ ಎಂಬ ನಂಬಿಕೆಯಿದ್ದರೆ ಮಿದುಳು ಪ್ರಯತ್ನಕ್ಕೆ ಹಿಂಜರಿಯುವುದಿಲ್ಲ, ಪ್ರಯತ್ನಿಸಿದಷ್ಟೂ ಹೊಸ ದಾರಿ ಹುಡುಕಿಕೊಳ್ಳುತ್ತದೆ, ದುಡಿದದ್ದೆಲ್ಲ ನೀವೇ ಎಂದ.

"ನಾನು ಮೆಷಿನ್ನನ್ನ ನಂಬಿರ್ಲಿಲ್ಲ," ಎಂದಳು. "ಗೊತ್ತಿಲ್ಲ ಅಂದವರನ್ನ ನಂಬಿದ್ದೆ. ನೀವು ಸಿಕ್ಕಿದ್ದು ನನ್ನ ಪುಣ್ಯ."

ಬಲಗೈಯಿಂದಲೇ ಅವನ ಕೈ ಹಿಡಿದಳು. ಆ ಬೆರಳುಗಳನ್ನೇ ನೋಡುತ್ತ ಅವನು ಹೇಳಿದ:

"ಇನ್ನೊಂದೂ ಮುಚ್ಚಿಟ್ಟಿದ್ದೆ... ನಂಗೆ ನೀವಂದ್ರೆ ತುಂಬಾ ಇಷ್ಟ."

ಅವಳ ಹಿಡಿತ ಬಿಗಿಯಾಯಿತು. ಬಾಗಿಲಲ್ಲಿ ಅತ್ತಿಗೆ ಕೆಮ್ಮಿದಳು.

"ಅತ್ತಿಗೆ ನೋಡ್ತಿದ್ದಾರೆ, ಕೈ ಬಿಡಿ," ಎಂದ ಮೆಲ್ಲಗೆ.

"ಬಿಡೋಕೆ ಬರುತ್ತೆ ಈಗ," ಎಂದಳು. "ಆದ್ರೆ ಬಿಡಲ್ಲ."